ಬೆಳಗಿನ ಬುಷ್, ಮಧ್ಯಾಹ್ನದ ಬುಷ್

ನಲವತ್ತಾರನೆಯ ವಯಸ್ಸಿನಲ್ಲಿ ನಾನು ಮತ್ತೆ ಬೆಂಚಿನ ಮೇಲೆ ಕೂತು ಪಾಠ ಕೇಳಿದೆ. ಕಲಿಯುವ ಆಸೆಯೇನೂ ಇರಲಿಲ್ಲ. ಹೋದದ್ದು ಬೇರೆಯೇ ಒಂದು ಲೆಕ್ಕಾಚಾರದಿಂದ. ಆದರೆ ಆ ಆರು ಶನಿವಾರಗಳಷ್ಟು ಖುಷಿಯಾಗಿ ನಾನು ಬೇರೆ ಯಾವ ಶನಿವಾರವನ್ನೂ ಕಳೆದಿಲ್ಲ.

ಆಲ್ದೂರಿನಲ್ಲಿ ನಮ್ಮದೊಂದು ಲೇತ್ ಶಾಪ್ ಇದೆ. ನಮ್ಮದು ಅಂದರೆ ನನ್ನದು ಮತ್ತು ನನ್ನ ಅಕ್ಕನ ಗಂಡನದು. ಇರುವುದು ಒಂದೇ ಲೇತ್. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ನಾನು, ಊಟದ ಮೇಲೆ ಸಂಜೆಯವರೆಗೆ ಭಾವ. ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಇರುತ್ತದಲ್ಲ, ಅದರ ಶಾಫ್ಟ್ ಕೂರುವುದಕ್ಕೆ ಗನ್‌ಮೆಟಲ್ಲಿನ ಒಂದು ದಪ್ಪ ಬಳೆ ಬೇಕು. ಅದಕ್ಕೆ ಬುಷ್ ಅನ್ನುತ್ತೇವೆ. ಆ ಬುಷ್ ಕಡೆಯುವುದೇ ನಮ್ಮ ಮುಖ್ಯ ಕೆಲಸ. ಚಿಕ್ಕಮಗಳೂರಿನಲ್ಲಿ ಪಲ್ಪರ್ ಮಾಡುವವರೊಬ್ಬರು ನಮ್ಮ ಕಾಯಂ ಗಿರಾಕಿ. ಅವರ ಆರ್ಡರಿನ ಮೇಲೆಯೇ ಎರಡು ಮನೆ ನಡೆಯುತ್ತಿತ್ತು.

ಒಂದು ವರ್ಷ ಹಣ್ಣು ಕುಯ್ಲಿಗೆ ಮುಂಚೆ ಆ ಗಿರಾಕಿ ನಾವು ಕಳಿಸಿದ್ದ ಬುಷ್‌ಗಳನ್ನು ಮೂಟೆ ಸಮೇತ ವಾಪಸು ತಂದರು. ಕೆಲವು ದಪ್ಪ, ಕೆಲವು ಸಣ್ಣ. ನನ್ನವೂ ಭಾವನವೂ ಒಂದೇ ಮೂಟೆಯಲ್ಲಿ ಸೇರಿಹೋಗಿದ್ದರಿಂದ ಯಾವುದು ಯಾರದ್ದೆಂದು ಹೇಳುವ ಹಾಗಿರಲಿಲ್ಲ. ಅಷ್ಟರಲ್ಲಿ ಭಾವ ಎರಡೂ ಕೈಯಲ್ಲಿ ಟೀ ಗ್ಲಾಸು ಹಿಡಿದು ಬಂದರು. ಅವರ ಕೈ ನಡುಗುತ್ತಿತ್ತು. ಎರಡು ವರ್ಷದಿಂದ ಹಾಗೆಯೇ. ಟೀ ತುಳುಕಿ ಬೆರಳ ಮೇಲೆ ಇಳಿಯಿತು. ಗಿರಾಕಿ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ರಸ್ತೆಗೆ ಬಂದ ಮೇಲೆ, ಯಜಮಾನರಿಗೆ ವಯಸ್ಸಾಯಿತು ಅನಿಸುತ್ತದೆ ಅಂದರು. ನಾನು ತಲೆಯಾಡಿಸಿದೆ. ಇನ್ನೊಂದೇ ಒಂದು ಲಾಟ್ ತೆಗೆದುಕೊಳ್ಳುವುದಾಗಿಯೂ, ಅದರ ಜೊತೆ ಅಳತೆಯ ಕಂಪ್ಯೂಟರ್ ಚಾರ್ಟ್ ಇರಬೇಕೆಂದೂ, ಅದೂ ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿಯೂ ಹೇಳಿ ಹೋದರು.

ಆ ತಲೆಯಾಡಿಸಿದ್ದು ನನಗೆ ಈಗಲೂ ಚುಚ್ಚುತ್ತದೆ. ಎಸ್ಸೆಸ್ಸೆಲ್ಸಿ ಫೇಲಾಗಿ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿರುತ್ತಿದ್ದ ನನ್ನನ್ನು ಕಿವಿ ಹಿಡಿದು ಲೇತ್ ಮುಂದೆ ನಿಲ್ಲಿಸಿದವರು ಇದೇ ಭಾವ. ಆದರೆ ಹೊಟ್ಟೆಪಾಡಿನ ಪ್ರಶ್ನೆ. ಬಣಕಲ್ಲಿನಲ್ಲಿ ಲೇತ್ ಓಡಿಸುವ ಒಬ್ಬ ಟರ್ನರನ ಹತ್ತಿರ, ಮಧ್ಯಾಹ್ನದ ಪಾಳಿಗೆ ಬರುತ್ತೀಯಾ ಎಂದು ಗುಟ್ಟಾಗಿ ಕೇಳಿಯೂ ಬಿಟ್ಟೆ. ಭಾವ ಇನ್ನು ಬಿಲ್ಲು ಬರೆದುಕೊಂಡು ಆರಾಮಾಗಿ ಕೂರಲಿ ಎಂದು ಅಕ್ಕನ ಮುಂದೆ ಮೆಲ್ಲಗೆ ಮಾತು ತೆಗೆದೆ. ಅವಳು ಕಾವಲಿಯ ಮೇಲಿನ ರೊಟ್ಟಿ ಮಗುಚುತ್ತಾ ಇದ್ದಳು.

"ನೀನೇ ಹೇಳು ಅವರಿಗೆ. ನನ್ನ ಬಾಯಲ್ಲಿ ಬರಲ್ಲ," ಅಂದಳು.

ನನ್ನ ಬಾಯಲ್ಲೂ ಬರುವುದಿಲ್ಲ. ಆಗ ಹೊಳೆದದ್ದು ಚಾರ್ಟ್. ಹೇಗೂ ಗಿರಾಕಿಗೆ ಚಾರ್ಟ್ ಬೇಕು. ಅದನ್ನು ಕಲಿತು ನನ್ನ ಅಳತೆ, ಭಾವನ ಅಳತೆ ಬೇರೆ ಬೇರೆ ಹಾಕಿದರೆ ಕಂಪ್ಯೂಟರೇ ಹೇಳುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಚಿಕ್ಕಮಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಣ್ಣ ವರ್ಕ್‌ಶಾಪಿನವರಿಗೆಂದು ಶನಿವಾರದ ಕ್ಲಾಸು ನಡೆಯುತ್ತಿತ್ತು. ಬಂದವರಲ್ಲಿ ನಾನೇ ಹಿರಿಯ. ಕಲಿಸುವ ಮೇಡಂ ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು, ನನ್ನನ್ನು ಸರ್ ಅನ್ನುತ್ತಿದ್ದರು. ಮೊದಲ ದಿನ ಮೌಸ್ ಹಿಡಿದ ನನ್ನ ಕೈ ನೋಡಿ, ಅಷ್ಟು ಬಿಗಿ ಹಿಡಿಯಬೇಡಿ ಸರ್, ಅದು ಓಡಿಹೋಗಲ್ಲ ಎಂದು ನಕ್ಕರು. ನನಗೆ ಉರಿದುಹೋಯಿತು.

ಆದರೆ ಮಧ್ಯಾಹ್ನದ ಹೊತ್ತಿಗೆ ಆ ಸಿಟ್ಟು ಎಲ್ಲಿ ಹೋಯಿತೋ. ಮೇಡಂ ಕೊಟ್ಟ ಅಂಕಿಗಳನ್ನು ಒಂದೊಂದೇ ಹೊಡೆದು ಒಂದು ಬಟನ್ ಒತ್ತಿದೆ. ಪರದೆಯ ಮೇಲೆ ಕಂಬಗಳು ಸಾಲಾಗಿ ಎದ್ದು ನಿಂತವು: ನಡುವೆ ಎತ್ತರ, ಎರಡೂ ಕಡೆ ಇಳಿಜಾರು, ಥೇಟ್ ನಮ್ಮ ಗುಡ್ಡ. ಇನ್ನೊಂದು ಬಟನ್ನಿಗೆ ಅದೇ ಅಂಕಿಗಳು ಚುಕ್ಕಿಗಳಾಗಿ ಸಾಲುಗಟ್ಟಿದವು. ನಡುವೆ ಸರಾಸರಿಯ ಗೆರೆ, ಮೇಲೊಂದು ಗಡಿ, ಕೆಳಗೊಂದು ಗಡಿ. ಗಡಿ ದಾಟಿದ ಚುಕ್ಕಿ ತಾನೇ ಕೆಂಪಾಯಿತು. ಇಷ್ಟು ವರ್ಷ ಅಳೆದು ಅಳೆದು ಮರೆತ ಅಂಕಿಗಳಿಗೆಲ್ಲ ಹೀಗೊಂದು ಮುಖ ಇತ್ತೇ ಎಂದು ನಾನು ಬಾಯಿಬಿಟ್ಟು ಕೂತೆ. ಎಷ್ಟೇ ಚೆನ್ನಾಗಿ ಮಾಡಿದರೂ ಕೆಲಸದಲ್ಲಿ ಸ್ವಲ್ಪ ಏರಿಳಿತ ಇದ್ದೇ ಇರುತ್ತದೆ, ಅದು ಗಡಿಯೊಳಗೆ ಇದ್ದರೆ ಅದರ ಪಾಡಿಗೆ ಬಿಡಬೇಕು, ದಾಟಿದಾಗ ಮಾತ್ರ ಕಾರಣ ಹುಡುಕಬೇಕು ಎಂದು ಮೇಡಂ ಹೇಳಿದ್ದನ್ನು ನೀಟಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡೆ ಅಷ್ಟೇ, ತಲೆಗೆ ಹೋಗಲಿಲ್ಲ.

ಆಮೇಲೆ ನನಗೆ ಅಳೆಯುವ ಹುಚ್ಚು ಹಿಡಿಯಿತು. ಬಾಳೆಹೊನ್ನೂರು ಬಸ್ಸು ಆಲ್ದೂರಿಗೆ ಎಷ್ಟು ಹೊತ್ತಿಗೆ ಬರುತ್ತದೆಂದು ದಿನಾ ಬರೆದೆ. ಅಕ್ಕ ಮಾಡಿದ ಕಡುಬುಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿದೆ. ಒಂದೂ ಗಡಿ ದಾಟಲಿಲ್ಲ. ತಿನ್ನೋ ಕಡುಬನ್ನ ತೂಗಬಾರದು ಎಂದು ಅಕ್ಕ ಬೈದಳು. ಆ ವಾರಗಳಲ್ಲಿ ನಾವು ಎಸ್ಟೇಟಿನವರಿಗೆಂದು ಅದೇ ಅಳತೆಯ ಬುಷ್ ಕಡೆಯುತ್ತಿದ್ದೆವು. ಶಾಪಿನಲ್ಲಂತೂ ಭಾವನಿಗೆ, ನೀವು ಕಡೆದದ್ದನ್ನು ಕಡೆದ ಸಾಲಿನಲ್ಲೇ ಹಲಗೆಯ ಮೇಲೆ ಇಟ್ಟುಹೋಗಿ, ನನಗೆ ಕಾಲೇಜಿನ ಹೋಂವರ್ಕ್ ಇದೆ ಎಂದು ಹೇಳಿಟ್ಟೆ.

"ಈ ವಯಸ್ಸಲ್ಲಿ ಎಂತ ಹೋಂವರ್ಕೋ ಮಾರಾಯ," ಎಂದು ನಕ್ಕರು. ಆದರೂ ಹಾಗೆಯೇ ಇಟ್ಟರು. ನಾನು ದಿನಾ ಸಂಜೆ ಅವರದ್ದನ್ನೂ ನನ್ನದನ್ನೂ ಒಂದೇ ಮೈಕ್ರೋಮೀಟರಿನಲ್ಲಿ ಅಳೆದು, ಬೆಳಿಗ್ಗೆ ಎಂದೊಂದು ಪುಟ, ಮಧ್ಯಾಹ್ನ ಎಂದೊಂದು ಪುಟ ತುಂಬಿಸಿದೆ.

ಐದನೆಯ ಶನಿವಾರ ಎರಡೂ ಪುಟಗಳನ್ನು ಕಂಪ್ಯೂಟರಿಗೆ ಹಾಕಿದೆ. ಗಿರಾಕಿ ಕೊಟ್ಟ ಗಡಿಗಳನ್ನೂ ಹಾಕಿ ಬಟನ್ ಒತ್ತಿದೆ. ಮೊದಲ ಚಾರ್ಟ್ ತೆರೆದುಕೊಂಡಿತು. ಚುಕ್ಕಿಗಳು ಕಪ್ಪೆ ಕುಪ್ಪಳಿಸಿದ ಹಾಗೆ ಮೇಲೆ ಕೆಳಗೆ ಹಾರಿದ್ದವು, ಅಲ್ಲಲ್ಲಿ ಕೆಂಪು. ಭಾವನನ್ನು ನೆನೆದು ನನಗೆ ಅಯ್ಯೋ ಅನಿಸಿತು. ಅದರ ಜೊತೆಗೆ, ನಾನು ಅಂದುಕೊಂಡದ್ದೇ ನಿಜವಾಯಿತೆಂಬ ಸಮಾಧಾನವೂ ಆಯಿತು. ಸುಳ್ಳೇಕೆ ಹೇಳಲಿ. ಮೇಡಂ ಅವರನ್ನು ಕರೆದು, ನೋಡಿ, ವಯಸ್ಸಾದವರ ಕೈ ಹೀಗಿರುತ್ತದೆ ಅಂದೆ.

ಮೇಡಂ ಬಗ್ಗಿ ನೋಡಿದರು.

"ಇದರ ಮೇಲೆ ಬೆಳಿಗ್ಗೆ ಅಂತ ಇದೆಯಲ್ಲ ಸರ್."

ಇನ್ನೊಂದು ಚಾರ್ಟನ್ನು ಅವರೇ ತೆರೆದರು. ಮಧ್ಯಾಹ್ನದ್ದು. ಚುಕ್ಕಿಗಳು ಒತ್ತೊತ್ತಾಗಿ, ನಿಧಾನವಾಗಿ ಮೇಲೇರಿ, ಒಂದು ಕಡೆ ಥಟ್ಟನೆ ಕೆಳಗಿಳಿದು, ಮತ್ತೆ ನಿಧಾನವಾಗಿ ಏರಿದ್ದವು. ಕೆಂಪು ಒಂದೂ ಇಲ್ಲ. ಕೊಯ್ಯುವ ಟೂಲು ಸವೆದ ಹಾಗೆ ಬುಷ್ ದಪ್ಪವಾಗುತ್ತಾ ಬಂದಿದೆ, ಇಲ್ಲಿ ಟೂಲಿಗೆ ಸಾಣೆ ಹಿಡಿದಿದ್ದಾರೆ ಎಂದು ಮೇಡಂ ಬೆರಳಿಟ್ಟು ತೋರಿಸಿದರು. ಹೌದು, ಆ ವಾರ ಒಂದು ದಿನ ನಾಲ್ಕು ಗಂಟೆಗೆ ಭಾವ ಸಾಣೆ ಹಿಡಿದದ್ದು ನನಗೆ ನೆನಪಿತ್ತು. ಆಲ್ದೂರನ್ನೇ ನೋಡದ ಹುಡುಗಿ ಚುಕ್ಕಿ ನೋಡಿ ಅದನ್ನು ಹೇಳುತ್ತಿದ್ದಳು.

ಒಂದು ಬುಷ್ ಅಳೆದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ನಾನು ಜಂಬದಿಂದಲೇ ಹೇಳಿದೆ: ದಪ್ಪ ಬಂದರೆ ಟೂಲನ್ನು ಸರಿಸುವ ಡಯಲನ್ನು ಕೂದಲಷ್ಟು ಮುಂದೆ ತಿರುಗಿಸುತ್ತೇನೆ, ಸಣ್ಣ ಬಂದರೆ ಹಿಂದೆ. ಪ್ರತಿ ಬುಷ್‌ಗೂ. ಒಂದಕ್ಕೂ ಬಿಟ್ಟದ್ದಿಲ್ಲ.

"ಅದೇ ಸರ್ ಕಾರಣ," ಅಂದರು ಮೇಡಂ.

ನಾನು ಜಗಳಕ್ಕೇ ನಿಂತೆ. ತಿದ್ದಿದರೆ ಕೆಡುತ್ತದೆ ಅನ್ನುವುದು ಯಾವ ಊರಿನ ನ್ಯಾಯ? ಅವರು ವಾದ ಮಾಡಲಿಲ್ಲ. ಸಾಫ್ಟ್‌ವೇರಿನಲ್ಲಿ ಮನಸ್ಸಿಗೆ ಬಂದ ಹಾಗೆ ಬೀಳುವ ಒಂದು ಸಾಲು ಅಂಕಿಗಳನ್ನು ಹುಟ್ಟಿಸಿ, ಪಕ್ಕದಲ್ಲಿ ಅದೇ ಅಂಕಿಗಳನ್ನು ನನ್ನ ಹಾಗೆ ಪ್ರತಿ ಸಲವೂ ತಿದ್ದುವ ಇನ್ನೊಂದು ಸಾಲು ಮಾಡಿಕೊಟ್ಟು, ನೀವೇ ಆಡಿಸಿ ನೋಡಿ ಎಂದು ಹೋದರು. ಆಡಿಸಿದೆ. ತಿದ್ದಿದ ಸಾಲೇ ಅಗಲವಾಗಿ ಹರಡಿತು. ಇನ್ನೊಮ್ಮೆ ಆಡಿಸಿದೆ. ಊಟಕ್ಕೂ ಏಳದೆ, ಒಂದು ಸಲವಾದರೂ ನಾನು ಗೆಲ್ಲಲಿ ಎಂದು ಆಡಿಸಿಯೇ ಆಡಿಸಿದೆ. ಒಂದು ಬುಷ್ ತನ್ನ ಪಾಡಿಗೆ ತಾನು ಕೂದಲಷ್ಟು ದಪ್ಪ ಬಂದಿರುತ್ತದೆ, ಮುಂದಿನದು ತಾನೇ ಸರಿಬರುತ್ತಿತ್ತು. ನಾನು ತಿರುಗಿಸಿ ಅದನ್ನು ಸಣ್ಣ ಮಾಡುತ್ತೇನೆ, ಅದನ್ನು ತಿದ್ದಲು ಹೋಗಿ ಅದರ ಮುಂದಿನದನ್ನು ದಪ್ಪ ಮಾಡುತ್ತೇನೆ. ಮೂಟೆಯಲ್ಲಿ ವಾಪಸು ಬಂದದ್ದು ನನ್ನ ಬುಷ್‌ಗಳು! ಸೋತೆನೆಂದು ಬೇಜಾರಾಗಬೇಕಿತ್ತು. ನನಗೋ ಮೈ ಜುಂ ಎಂದಿತು. ಇಪ್ಪತ್ತೈದು ವರ್ಷ ಬೆವರು ಸುರಿಸಿ ಮಾಡಿದ ತಪ್ಪೊಂದು ಕಣ್ಣೆದುರಿಗೆ ಇಷ್ಟು ಸ್ಪಷ್ಟವಾಗಿ ಕೂತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರಿಗೆ ಇದನ್ನೆಲ್ಲ ಪ್ರಿಂಟ್ ತೆಗೆಸಿದ್ದ ಚಾರ್ಟ್ ಬಿಚ್ಚಿ ವಿವರಿಸಿದೆ. ಅವರು ತಮ್ಮ ಸ್ಟಾಪಿಗಿಂತ ಮೊದಲೇ ಇಳಿದರೇನೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ.

ಶಾಪಿಗೆ ಹೋದಾಗ ಭಾವ ಲೇತ್ ಒರೆಸುತ್ತಿದ್ದರು. ಎರಡೂ ಚಾರ್ಟ್‌ಗಳನ್ನು ಅವರ ಮುಂದೆ ಹರಡಿ, ಯಾವುದು ಯಾರದ್ದೆಂದು ಹೇಳಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ನೀವು ಡಯಲ್ ಯಾಕೆ ತಿರುಗಿಸುವುದಿಲ್ಲ, ಇದು ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ.

"ನಂಗೆಂತ ಗೊತ್ತು ಮಾರಾಯ. ಕೈ ನಡುಗುತ್ತಲ್ಲ, ಡಯಲ್ ಮುಟ್ಟಕ್ಕೇ ಹೆದರಿಕೆ. ಮೊಣಕೈ ಊರಿ ಒಂದ್ಸಲ ಗುರುತಿಗೆ ಸರಿಯಾಗಿ ಇಟ್ಕೊಳ್ತೀನಿ. ಆಮೇಲೆ ಟೂಲು ಸವೆಯೋ ತನಕ ಅದರ ತಂಟೆಗೇ ಹೋಗಲ್ಲ."

ಕಾಗದ ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು.

"ಇದನ್ನ ಅಳೆದಿದ್ದು ನನ್ನ ಕೆಲಸ ಬಿಡಿಸಕ್ಕೆ ಅಲ್ವನ?"

ಹೌದು ಭಾವ ಅಂದೆ. ಬಣಕಲ್ಲಿನವನನ್ನು ಕೇಳಿದ್ದನ್ನೂ, ಗಿರಾಕಿಯ ಮುಂದೆ ತಲೆಯಾಡಿಸಿದ್ದನ್ನೂ ಹೇಳಿದೆ. ಹೇಳುವಾಗ ಅಳು ಬಂತು, ನಾಚಿಕೆಯಿಂದ. ಅವರು ಒರೆಸುವ ಬಟ್ಟೆಯನ್ನು ಲೇತಿನ ಮೇಲೆ ಹಾಸಿದರು. ದೀಪ ಆರಿಸಿ, ನಾಳೆ ಬೆಳಿಗ್ಗೆ ನಾನೂ ಬರುತ್ತೇನೆ ಎಂದು ಮನೆ ಕಡೆ ನಡೆದರು. ನಾನು ಅಲ್ಲೇ ನಿಂತು ಬಣಕಲ್ಲಿಗೆ ಫೋನ್ ಮಾಡಿ, ಬರುವುದು ಬೇಡ ಅಂದೆ.

ಬೆಳಿಗ್ಗೆ ಹೇಳಿದ ಹಾಗೇ ಬಂದು ನನ್ನ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಗಿರಾಕಿಯ ಕೊನೆಯ ಲಾಟ್ ಶುರು ಮಾಡಿದೆವು. ನಾನು ಡಯಲನ್ನು ಗುರುತಿಗೆ ಇಟ್ಟು ಮೊದಲನೆಯದನ್ನು ಕಡೆದು ಅಳೆದೆ. ಕೂದಲಷ್ಟು ದಪ್ಪ. ಬಿಟ್ಟೆ. ಎರಡನೆಯದು ಸರಿ. ಮೂರನೆಯದು ಮತ್ತೆ ಕೂದಲಷ್ಟು ದಪ್ಪ. ಗಡಿಯೊಳಗೇ ಇತ್ತು, ಪಾಠ ಗೊತ್ತಿತ್ತು, ಎಲ್ಲಾ ಗೊತ್ತಿತ್ತು. ಆದರೂ ನನ್ನ ಕೈ ನನ್ನನ್ನು ಕೇಳದೆ ಡಯಲಿನ ಮೇಲೆ ಹೋಗಿ ಕೂತಿತು.

ಭಾವನ ಕೈ ಬಂದು ನನ್ನ ಕೈಯ ಮೇಲೆ ಕೂತಿತು. ಅದು ನಡುಗುತ್ತಲೇ ಇತ್ತು. ನಾನು ಕೈ ತೆಗೆದು ಜೇಬಿಗೆ ಹಾಕಿಕೊಂಡು ನಾಲ್ಕನೆಯದನ್ನು ಕಡೆದೆ. ಸರಿಯಾಗಿ ಬಂತು.