ಗೇಣು ಬಾಜೂಕ

ಸವದತ್ತಿಯಿಂದ ಬೈಲಹೊಂಗಲಕ್ಕೆ ಹೊರಟ ಬಸ್ಸಿನಲ್ಲಿ ನಾನು ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದೆ. ಓಡುವ ವೈರಿಗೆ ಹೊಡೆದದ್ದೆಲ್ಲ ಗೋಡೆಗೇ. ಪಕ್ಕದ ಸೀಟಿನ ಅಜ್ಜಿ ತಡೆಯಲಾರದೆ ಅಂದಳು:

"ಅಂವ ಓಡಾಕ ಹತ್ಯಾನ. ಹೊಂಟ ದಾರಿಗೆ ಗುರಿ ಇಡೋ ತಮ್ಮಾ."

ಇಟ್ಟೆ. ಬಿದ್ದ!

"ನಿಮಗ ಹ್ಯಾಂಗ ಗೊತ್ರಿ ಆಯಿ?"

"ಜ್ವಾಳದ ಹೊಲದಾಗ ಕವಣಿ ಬೀಸಿ ಹಕ್ಕಿ ಓಡಿಸಿದಾಕಿ ನಾ."

"ಎಷ್ಟು ಹಕ್ಕಿ ಬಿದ್ದುವ್ರಿ?"

ಕೆಟ್ಟ ಮಾತಾಡಿದವನಂತೆ ನನ್ನನ್ನು ನೋಡಿದಳು. "ಒಂದೂ ಇಲ್ಲ. ಗೇಣು ಬಾಜೂಕ ಹೊಡಿಬೇಕು, ಅಂಜಿ ಹಾರಿ ಹೋಗತಾವ. ಅವಕ್ಕೂ ಮರಿ ಇರತಾವಲ್ಲೋ."

ಆಮೇಲೆ ಪರದೆಯಲ್ಲಿ ಬಿದ್ದವನನ್ನು ತೋರಿಸಿ, "ಇಂವ ಮತ್ತ ಏಳ್ತಾನೇನೋ?" ಎಂದಳು. "ಮುಂದಿನ ಆಟಕ್ಕ ಏಳ್ತಾನ್ರಿ" ಅಂದ ಮೇಲೆಯೇ ಅವಳು ಎಲೆ-ಅಡಿಕೆ ಚೀಲ ಬಿಚ್ಚಿದ್ದು.

ಅಂದಿನಿಂದ ನನ್ನ ಗುರಿ ಪಕ್ಕಾ ಆಗಿದೆ. ಗುಂಡು ಎಲ್ಲರ ಕಿವಿಯಿಂದ ಸರಿಯಾಗಿ ಗೇಣು ದೂರ ಹೋಗುತ್ತದೆ. ಆಟದ ನನ್ನ ಟೀಮಿನವರು ಮಾತ್ರ ನನ್ನ ಬದಲಿಗೆ ಬೇರೆಯವನನ್ನು ಹುಡುಕುತ್ತಿದ್ದಾರೆ.