ಅಕ್ಕನ ಲಿವರಿನ ಒಳಗಿನ ಮಂದಿ

ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಇವತ್ತು ಗಿಡ ಮಾರುವವನೊಬ್ಬ ಅಮೃತಬಳ್ಳಿಯ ತುಂಡನ್ನು ಉಗುರಿನಿಂದ ಗೀರಿ ನನ್ನ ಮೂಗಿನ ಹತ್ತಿರವೇ ಹಿಡಿದುಬಿಟ್ಟ. "ಸೀಂದಿಲ್ ಕೊಡಿ ಸಾರ್, ಒಡಂಬುಕ್ಕು ನಲ್ಲದು." ಸೀಂದಿಲ್ ಕೊಡಿ ಅಂದರೆ ತಮಿಳಿನಲ್ಲಿ ಇದೇ ಬಳ್ಳಿ, ಮೈಗೆ ಒಳ್ಳೆಯದಂತೆ! ಆ ಹಸಿ ಕಹಿ ವಾಸನೆ ಬಡಿದದ್ದೇ ತಡ, ನಾನು ಹಿಂದೆ ಸರಿದು ಪಕ್ಕದವನ ಪ್ಲಾಸ್ಟಿಕ್ ಬಕೆಟ್ಟುಗಳ ಮೇಲೆ ಬೀಳುವುದರಲ್ಲಿದ್ದೆ. ನೀವು ಜೊತೆಗಿದ್ದಿದ್ದರೆ ನಗುತ್ತಿದ್ದಿರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ಅಕ್ಕನ ಕಥೆ ಕೇಳಿ ಆಮೇಲೆ ನಗಿ.

ನಮ್ಮದು ಗದಗಿನ ಕಡೆಯಿಂದ ಬಂದು ಇಲ್ಲಿ ತಮಿಳರ ಊರಿನಲ್ಲಿ ಬಟ್ಟೆ ವ್ಯಾಪಾರಕ್ಕೆ ಕೂತ ಮನೆತನ. ವ್ಯಾಪಾರ ಒಗ್ಗದ ನಾನೊಬ್ಬ ಇನ್ಶೂರೆನ್ಸ್ ಆಫೀಸು ಸೇರಿ, ಊರವರ ಜೀವಕ್ಕೆಲ್ಲ ವಿಮೆ ಮಾಡಿಸುತ್ತ ತಲೆ ಬೋಳಾಗಿಸಿಕೊಂಡೆ. ಅಕ್ಕ ಬೆಸೆಂಟ್ ನಗರದ ಫ್ಲಾಟಿನಲ್ಲಿ ಬಾಲ್ಕನಿಯ ಗ್ರಿಲ್ಲಿಗೆ ಅಮೃತಬಳ್ಳಿ ಹಬ್ಬಿಸಿದ್ದಳು. ಕೊರೊನಾ ಬಂದಾಗ ಶುರುವಾದ ಅವಳ ಬಳ್ಳಿ ಕಷಾಯ ಕೊರೊನಾ ಹೋದರೂ ಹೋಗಲಿಲ್ಲ. ಬೆಳಗ್ಗೆ ಲಿಂಗಪೂಜೆ ಮುಗಿಸಿ ಅಡುಗೆಮನೆ ಹೊಕ್ಕಳೆಂದರೆ ಮನೆಯಲ್ಲಿದ್ದವರಿಗೆಲ್ಲ ಒಂದೊಂದು ಲೋಟ ಗ್ಯಾರಂಟಿ.

"ಕುಡಿ ತಮ್ಮಾ, ಇಮ್ಯುನಿಟಿ ಬರ್ತೈತಿ."

ಅಲ್ಲಿಗೆ ಹೋದಾಗಲೆಲ್ಲ, ಅವಳು ಆಚೆ ತಿರುಗಿದ ಕೂಡಲೇ ನಾನು ನನ್ನ ಪಾಲನ್ನು ಕ್ರೋಟನ್ ಕುಂಡಕ್ಕೆ ಸುರಿಯುತ್ತಿದ್ದೆ. ಆ ಗಿಡದ ಇಮ್ಯುನಿಟಿ ಇವತ್ತಿಗೂ ಭರ್ಜರಿಯಾಗಿದೆ. ಉಳಿದವರು ಬಿಟ್ಟದ್ದನ್ನು ಚೆಲ್ಲಲು ಮನಸ್ಸಾಗದೆ ಅಕ್ಕ ತಾನೇ ಕುಡಿದು ಲೋಟ ತೊಳೆದಿಡುತ್ತಿದ್ದಳು.

ಒಂದು ಸಂಜೆ ಸಮುದ್ರದ ದಂಡೆಯಲ್ಲಿ ಕಡಲೆಕಾಳಿನ ಸುಂಡಲ್ ತಿನ್ನುತ್ತ ಕೂತಿದ್ದಾಗ ಅವಳ ಕಣ್ಣು ನೋಡಿದೆ. ಬಿಳಿ ಇರಬೇಕಾದ ಕಡೆ ಅರಿಸಿನ ಕಲಸಿದ ನೀರು.

"ಅಕ್ಕಾ, ಕಣ್ಣು ಹಳದಿ ಆಗ್ಯಾವಲ್ಲ!"

"ಇಳಿಬಿಸಲಿಗೆ ಹಂಗ ಕಾಣ್ತಾವ, ಸುಮ್ನ ತಿನ್ನು."

ಕೆಲವೇ ದಿನಗಳಲ್ಲಿ ಆಸ್ಪತ್ರೆ ಸೇರಬೇಕಾಯಿತು. ಲಿವರಿಗೆ ಜೋರು ಪೆಟ್ಟು ಬಿದ್ದಿದೆ, ತಾನಾಗಿ ಚೇತರಿಸಿಕೊಂಡರೆ ಸರಿ, ಇಲ್ಲದಿದ್ದರೆ ಬೇರೆ ಲಿವರ್ ಕಸಿ ಮಾಡುವ ಮಾತು ಆಡಬೇಕಾಗುತ್ತದೆ ಎಂದರು ಡಾಕ್ಟರಮ್ಮ. ನನಗೆ ತಾಯಿಯ ನೆನಪಿಲ್ಲ. ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ. ಕಾಮಾಲೆ ತರುವ ವೈರಸ್ಸುಗಳ ಪರೀಕ್ಷೆ ಎಲ್ಲ ಆಯಿತು, ಒಂದೂ ಸಿಗಲಿಲ್ಲ. ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರಮ್ಮ ಕೇಳಿದರೆ ಅಕ್ಕ "ಒಂದು ಮಾತ್ರೆನೂ ಇಲ್ರೀ" ಅಂದಳು. ನಾವೆಲ್ಲ ಹೌದೌದೆಂದು ತಲೆಯಾಡಿಸಿದೆವು. ಯಾರೂ ಸುಳ್ಳು ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಕಷಾಯ ಎಲ್ಲಿಯ ಔಷಧಿ? ಕಾಫಿ ಕುಡಿಯುತ್ತೇನೆಂದು ಯಾರಾದರೂ ಡಾಕ್ಟರಿಗೆ ವರದಿ ಒಪ್ಪಿಸುತ್ತಾರೆಯೇ?

ಮರುದಿನ ಡಾಕ್ಟರಮ್ಮ ಮಂಚದ ಪಕ್ಕದಲ್ಲಿರುವಾಗಲೇ ಅಕ್ಕನ ಗಂಡ, ನಮ್ಮ ಮಾಮಾ, ಟವೆಲ್ಲಿನಲ್ಲಿ ಸುತ್ತಿದ ಫ್ಲಾಸ್ಕು ಹಿಡಿದು ಒಳಗೆ ಬಂದರು.

"ಇದು ಎನ್ನ?" ಏನಿದು ಎಂದು ಡಾಕ್ಟರಮ್ಮ ಕೇಳಿದರು.

"ಕಷಾಯಂ, ಡಾಕ್ಟರ್! ಇಮ್ಯುನಿಟಿಕ್ಕು," ಎಂದರು ಮಾಮಾ ಹೆಮ್ಮೆಯಿಂದ. "ಇಲ್ಲಿಗೆ ಬಂದಾಗಿಂದ ದಿನಾ ತರಾಕತ್ತೀನಿ."

ಡಾಕ್ಟರಮ್ಮ ಮುಚ್ಚಳ ತೆಗೆದು ಮೂಸಿ, ಮಂಚದ ತುದಿಯಲ್ಲಿ ಕೂತೇಬಿಟ್ಟರು. ಆಮೇಲೆ ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಅಮೃತಬಳ್ಳಿ ಎಲ್ಲರಿಗೂ ಹೀಗೆ ಮಾಡುವುದಿಲ್ಲ. ಆದರೆ ಕೆಲವರಲ್ಲಿ ಅದು ಮೈಯನ್ನು ಕಾಯುವ ಕಣಗಳನ್ನು ಕೆರಳಿಸುತ್ತದೆ, ಅವು ತಮ್ಮದೇ ಲಿವರಿನ ಮೇಲೆ ಬೀಳುತ್ತವೆ. ಮೊದಲು ಇದನ್ನು ನಿಲ್ಲಿಸಿ.

"ಹಾಗಾದರೆ ಆ ಕಣಗಳನ್ನೆಲ್ಲ ಔಷಧಿ ಹಾಕಿ ಮಲಗಿಸಿಬಿಡಿ ಮೇಡಂ!" ಎಂದು ನಾನು ಕೂಗಿಯೇಬಿಟ್ಟೆ.

ಅವರು ನಕ್ಕರು. "ಎಲ್ಲರನ್ನೂ ಮಲಗಿಸಿದರೆ ರಿಪೇರಿ ಮಾಡುವವರು ಯಾರು ಸಾರ್?" ಸತ್ತ ಲಿವರ್ ಕಣಗಳನ್ನು ತಿಂದು ಜಾಗ ಖಾಲಿ ಮಾಡುವವರೂ ಕಾಯುವ ಕಣಗಳ ಪೈಕಿಯೇ ಅಂತೆ. ಕಸ ತೆಗೆದ ಮೇಲೆ ಅವು ತಮ್ಮ ಸ್ವಭಾವವನ್ನೇ ಬದಲಿಸಿಕೊಂಡು, ಬದುಕುಳಿದ ಲಿವರ್ ಕಣಗಳಿಗೆ "ಬೆಳೆಯಿರಿ, ಇಬ್ಬರಾಗಿ" ಎಂದು ಸುದ್ದಿ ಕಳಿಸುತ್ತವಂತೆ. ಕೆರಳಿಸುವುದನ್ನು ನಿಲ್ಲಿಸಿ ಕಾಯೋಣ, ಬೇಕಾದರೆ ಆಗ ಔಷಧಿ ಎಂದರು.

ಇದನ್ನು ಕೇಳಿದಾಗ ನನಗೆ, ಹಿಂದೊಮ್ಮೆ ನಮ್ಮ ಪಲ್ಲಾವರಂ ಮನೆಗೆ ಮಳೆನೀರು ನುಗ್ಗಿದ್ದು ನೆನಪಾಯಿತು. ನಾನು ಮೆಟ್ಟಿಲ ಮೇಲೆ ಕೈಕಟ್ಟಿ ಕೂತಿದ್ದೆ. ಅಕ್ಕ ಸೀರೆ ಎತ್ತಿಕಟ್ಟಿ ಬಂದವಳೇ ಹಾಸಿಗೆ, ಅಕ್ಕಿ ಡಬ್ಬ, ನನ್ನ ಪ್ರೀತಿಯ ಸೋಫಾ ಎಲ್ಲವನ್ನೂ ಬೀದಿಗೆ ಎಸೆದಳು. ಇವಳು ಮನೆ ಉಳಿಸಲು ಬಂದಳೋ ಹಾಳುಮಾಡಲು ಬಂದಳೋ ಎಂದು ನಾನು ಜಗಳಕ್ಕೇ ನಿಂತೆ. ಕೆಸರು ತೆಗೆದಾದ ಮೇಲೆ ಅದೇ ಅಕ್ಕ ಮೆತ್ತಗಾಗಿ, ಒಲೆ ಹಚ್ಚಿ, ಅಕ್ಕಪಕ್ಕದವರನ್ನೂ ಕರೆದು ಉಪ್ಪಿಟ್ಟು ಬಡಿಸಿದಳು. ಅವಳ ಲಿವರಿನಲ್ಲಿ ಅವಳಂಥವರೇ ಇದ್ದಾರಲ್ಲ ಎಂದು ನನಗೆ ಮೊದಲ ಸಲ ಧೈರ್ಯ ಬಂತು.

ಆದರೂ ಕಾಯುವುದೆಂದರೆ ಹಿಂಸೆ. ದಿನವೂ ರಕ್ತ ತೆಗೆಯುವರು, ನಾವು ಡಾಕ್ಟರಮ್ಮನ ಮುಖ ನೋಡುವೆವು. ಒಂದು ಬೆಳಗ್ಗೆ ಅವರು, "ಕಾಮಾಲೆ ಇಳಿಯುತ್ತಿದೆ, ಕಸಿಯ ಮಾತು ಇನ್ನು ಬೇಡ," ಎಂದರು. ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳದೆ, "ಒಂದು ಬಿಸಿ ರೊಟ್ಟಿ ಸಿಗ್ತೈತೇನಪಾ ಈ ಊರಾಗ?" ಅಂದಳು. ನಾನು ವರಾಂಡಕ್ಕೆ ಹೋಗಿ ಮನಸಾರೆ ಅತ್ತೆ. ಅಷ್ಟು ಹಗುರಾಗಿ ನಾನು ಎಂದೂ ಅತ್ತಿದ್ದಿಲ್ಲ.

"ಏನ್ ಮಾಡಾಕತ್ತೀ ಇಲ್ಲಿ?" ಇವತ್ತು ಅದೇ ಸಂತೆಯಲ್ಲಿ, ನನ್ನ ಬೆನ್ನ ಹಿಂದೆ ದನಿ ಕೇಳಿತು. ಸೊಪ್ಪು ಚೌಕಾಸಿ ಮುಗಿಸಿ ಬಂದಿದ್ದಳು ಅಕ್ಕ. ಮಾರುವವನು ಬಳ್ಳಿಯ ತುಂಡನ್ನು ಅವಳತ್ತಲೂ ಚಾಚಿದ. ಅವಳು ಅದನ್ನು ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಬುಟ್ಟಿಯಲ್ಲಿ ವಾಪಸ್ಸಿಟ್ಟಳು.

"ವೇಂಡಾಂಪಾ. ನಮ್ಮ ಒಳಗಿನ ಮಂದಿಗೆ ಕೆಲಸ ಗೊತ್ತೈತಿ. ಅವರ ಪಾಡಿಗೆ ಅವರನ್ನ ಬಿಟ್ಟರ ಸಾಕು."

ಅರ್ಧವೂ ಅರ್ಥವಾಗದ ಅವನು ಸರಿ ಅಮ್ಮಾ ಎಂದ. ಟಾರ್ಪಾಲಿನ ಸಂದಿಯಿಂದ ಅವಳ ಮುಖದ ಮೇಲೆ ಬಿಸಿಲು ಬಿದ್ದಿತ್ತು. ನಾನು ಬದನೆಕಾಯಿ ನೋಡುವವನಂತೆ ಬಗ್ಗಿ, ಓರೆಯಾಗಿ ಕಣ್ಣು ಹಾಯಿಸಿದೆ.

"ಮತ್ತ ನನ್ನ ಕಣ್ಣ ನೋಡಾಕತ್ತೀ ಹೌದಿಲ್ಲೊ?" ಎಂದವಳೇ ಕನ್ನಡಕ ತೆಗೆದು, ಬಿಸಿಲಿಗೆ ಮುಖ ಮಾಡಿ ನಿಂತಳು. "ತಗೊ, ಪೂರಾ ನೋಡು."

ಬೆಳ್ಳಗಿದ್ದವು. ಜನ ತಳ್ಳಿಕೊಂಡು ಹೋಗುತ್ತಿದ್ದರೂ ನಾನು ಇನ್ನೂ ಸ್ವಲ್ಪ ಹೊತ್ತು ನೋಡುತ್ತಲೇ ನಿಂತೆ. ಅಕ್ಕ ಬೈಯಲಿಲ್ಲ.