ಫ್ಯಾನ್ ಆರಿಸುವ ಸಂಸ್ಕಾರ

ನಮ್ಮಪ್ಪ ಬ್ಯಾಂಕಿನವರು. ವರ್ಗವಾಗಿ ವಿಜಯವಾಡಕ್ಕೆ ಬಂದಾಗ ಅವರು ನನಗೆ ಕಲಿಸಿದ ಸಂಸ್ಕಾರ ಒಂದೇ: ಕೋಣೆ ಬಿಟ್ಟು ಹೊರಡುವವನು ಫ್ಯಾನ್ ಆರಿಸಬೇಕು. ಮೇ ತಿಂಗಳ ಸೆಕೆಯಲ್ಲಿ ಒಳಗೆ ಇನ್ನೊಬ್ಬರು ಮಲಗಿದ್ದರೂ ಸರಿಯೆ, ಬೆವರಿಗೇನೂ ಬಿಲ್ ಬರುವುದಿಲ್ಲವಲ್ಲ.

ಇಂಥ ಮನೆಯಲ್ಲಿ ಬೆಳೆದವನಿಗೆ ಸಿಕ್ಕ ಉದ್ಯೋಗ ನೋಡಿ. ವಿಶಾಖಪಟ್ಟಣದ ದುವ್ವಾಡದಲ್ಲಿ, ಗಗನನೌಕೆಗೆ ಫ್ಯಾನ್ ಮಾಡುವ ಕಂಪನಿ. ನೆಲದ ಮೇಲೆ ನಾವು ಬಿಟ್ಟ ಬಿಸಿಯುಸಿರು ತಾನಾಗಿ ಮೇಲೇರಿ ದೂರವಾಗುತ್ತದೆ. ತೂಕವೇ ಇಲ್ಲದ ಗಗನದಲ್ಲಿ ಹಾಗಿಲ್ಲ, ಮಲಗಿದವನ ಮೂಗಿನ ಮುಂದೆಯೇ ಠಿಕಾಣಿ ಹೂಡುತ್ತದೆ. ಫ್ಯಾನ್ ನಿಂತರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕು. ಇದನ್ನು ಬಂದವರಿಗೆಲ್ಲ ಪಾಠ ಮಾಡುವ ಪಂಡಿತ ನಾನೇ.

ಪರೀಕ್ಷೆಗೆಂದು ಒಬ್ಬ ಮಲಗುವಷ್ಟು ದೊಡ್ಡ, ಬಿಗಿಯಾಗಿ ಮುಚ್ಚಿದ ಗೂಡೊಂದನ್ನು ಮಾಡಿದ್ದೆವು. ಒಳಗೆ ಮಲಗಲು ಒಪ್ಪಿದವನು ಬಳ್ಳಾರಿ ಕಡೆಯ ನಮ್ಮ ಫಿಟ್ಟರ್. ಮಧ್ಯಾಹ್ನ ಊಟದ ಹೊತ್ತಾಯಿತು. ಕಾವಲಿದ್ದ ನಾನು ಎದ್ದೆ, ಕೋಣೆಯ ಬಾಗಿಲ ಬಳಿ ಗೂಡಿನ ಫ್ಯಾನಿನ ಸ್ವಿಚ್ಚನ್ನು ಟಕ್ಕೆಂದು ಆರಿಸಿ ಕ್ಯಾಂಟೀನಿಗೆ ನಡೆದೆ. ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಕೆಟ್ಟ ಗಾಳಿ ಅಳೆಯುವ ಮೀಟರೂ ಇತ್ತು. ಅದನ್ನು ಗಾಳಿ ಹೊರಹೋಗುವ ಕೊಳವೆಯಲ್ಲಿ ಕೂರಿಸಿದ ಜಾಣನೂ ನಾನೇ. ಫ್ಯಾನ್ ನಿಂತ ಮೇಲೆ ಗಾಳಿ ಅಲ್ಲಿಗೆ ತಲುಪುವುದಾದರೂ ಹೇಗೆ? ಪಪ್ಪು ಎಂಬ ಆಂಧ್ರದ ತೊವ್ವೆ, ಅನ್ನ ಮುಗಿಸಿ ಬಂದಾಗ ಮೀಟರ್ ಎಲ್ಲ ಕ್ಷೇಮ ಎನ್ನುತ್ತಿತ್ತು. ಫಿಟ್ಟರ್ ಮಾತ್ರ ಗೂಡಿನ ಬಾಗಿಲು ಒದ್ದು ಹೊರಬಂದು, ತಲೆ ಹಿಡಿದುಕೊಂಡು ನೆಲದ ಮೇಲೆ ಏದುಸಿರು ಬಿಡುತ್ತಿದ್ದ. ಅವನಿಗೆ ನೀರು ಕೊಡುವ ಮೊದಲೇ ನಾನು ಸ್ವಿಚ್ ಹಾಕಿದೆ. ವರದಿಯಲ್ಲಿ ‘ಒಳಗಿದ್ದವರು ಗಾಬರಿಯಿಂದ ಪರೀಕ್ಷೆ ಬಿಟ್ಟರು’ ಎಂದು ಬರೆದೆ. ಬಹಳ ಸಭ್ಯವಾದ ವಾಕ್ಯ.

ಅಷ್ಟು ಸಾಕಾಯಿತು. ಅಂಜುಬುರುಕನಿಗೆ ಇಲ್ಲಿ ಕೆಲಸವಿಲ್ಲವೆಂದು ಅವನನ್ನು ಅಚ್ಯುತಾಪುರದ ಗೋದಾಮಿಗೆ ಹಾಕಲು ಮೇಲಿನವರು ಹೊರಟರು. ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಅವನನ್ನು ಕರೆದೆ.

“ಫ್ಯಾನ್ ಆರಿಸಿದ್ದು ನಾನೇ ಕಣಪ್ಪ. ಸಾಹೇಬರಿಗೂ ಹೇಳ್ತೀನಿ” ಎಂದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.



“ಸ್ವಿಚ್ಚಿನ ಸಪ್ಪಳ ಕೇಳಿತ್ತು ಸಾರ್” ಎಂದ. “ಅದೂ ಟೆಸ್ಟಿನಾಗ ಐತೇನೋ ಅಂದ್ಕಂಡೆ. ಹೊರಗ ನೀವು ಕುಂತೀರಲ್ಲ ಅಂತ ತಡಕಂಡು ಮಲಗಿದ್ದೆ.”